ಮಂಗನ ಕಾಯಿಲೆ ಬಗ್ಗೆ ಇಷ್ಟು ಬಗೆಯ ಸಂಶೋಧನೆ ಆಗಿದೆ, ಆದರೂ ಲಸಿಕೆ ಯಾಕಿಲ್ಲ?

ಸೊಪ್ಪಿನಬೆಟ್ಟ
ಎಲ್ಲರಿಗೂ ನಮಸ್ಕಾರ. ನಮ್ಮದು ಸಾಗರ ತಾಲ್ಲೂಕು, ಶರಾವತಿ ಹಿನ್ನೀರಿನ ಕಡೆ. ಅಡಿಕೆ ತೋಟ, ಕೊಟ್ಟಿಗೆ ತುಂಬ ದನ, ಹಿಂದೆ ಸೊಪ್ಪಿನ ಬೆಟ್ಟ. ಮಗಳು ಎಂಎಸ್ಸಿ ಓದುತ್ತಿದ್ದಾಳೆ, ಪ್ರಾಜೆಕ್ಟಿಗೆ ಮಂಗನ ಕಾಯಿಲೆಯನ್ನೇ, ಅದೇ ಉಣುಗು ಕಚ್ಚಿ ಬರುವ ವೈರಸ್ ಜ್ವರವನ್ನೇ, ಆರಿಸಿಕೊಂಡಿದ್ದಾಳೆ. ರಜೆಗೆ ಬಂದವಳು ಒಂದು ಕಟ್ಟು ಪೇಪರ್ ಹರಡಿಕೊಂಡು ಕೂತಿದ್ದಳು. ಒಂದೊಂದೂ ಏನು ಅಂತ ಕೇಳಿದೆ. ಒಂದು ವೈರಸ್ಸಿನ ಜೀನ್ ಬಗ್ಗೆ. ಇನ್ನೊಂದು ಉಪಗ್ರಹದ ಚಿತ್ರ ಇಟ್ಟುಕೊಂಡು ಕಾಡು ಎಲ್ಲೆಲ್ಲಿ ಕರಗಿದೆ ಅಂತ ಲೆಕ್ಕ ಹಾಕಿದ್ದು. ಒಂದು ಉಣುಗಿನ ಮೇಲೆ, ಒಂದು ಮೈಗೆ ಹಚ್ಚುವ ಎಣ್ಣೆಯ ಮೇಲೆ. ಇನ್ನೊಂದರಲ್ಲಿ ಕಾಡಿಗೆ ಹೋಗುವವರನ್ನು ಮಾತಾಡಿಸಿ 'ನೀವು ಏನಂದುಕೊಳ್ಳುತ್ತೀರಿ' ಅಂತ ಕೇಳಿದ್ದಾರೆ, ಅಷ್ಟೇ.

ಕಾಯಿಲೆ ಗೊತ್ತಾಗಿದ್ದು 1957ರಲ್ಲಿ, ನಮ್ಮ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅಲ್ಲಿಂದ ಇಲ್ಲಿವರೆಗೂ ಇಷ್ಟೆಲ್ಲ ಓದಿದ್ದಾರೆ, ಬರೆದಿದ್ದಾರೆ. ಆದರೂ ಪ್ರತಿ ಡಿಸೆಂಬರ್‌ಗೆ ನಮ್ಮ ಕೈಗೆ ಬರೋದು ಅದೇ ಕರಪತ್ರ: ಕಾಡಿಗೆ ಹೋಗಬೇಡಿ. ಸೊಪ್ಪು ತರದೆ ಗೊಬ್ಬರ ಎಲ್ಲಿಂದ ಬರಬೇಕು? ಇಷ್ಟು ಕಡೆ ಹಂಚಿಹೋದ ದುಡ್ಡು, ತಲೆ ಎಲ್ಲ ಒಂದೇ ಲಸಿಕೆಗೆ ಹೋಗಿದ್ದರೆ ಇಷ್ಟೊತ್ತಿಗೆ ಮುಗಿಯುತ್ತಿರಲಿಲ್ಲವಾ? ಸಿಟ್ಟಿನಿಂದ ಕೇಳುತ್ತಿಲ್ಲ, ನಿಜವಾಗಿ ಕೇಳುತ್ತಿದ್ದೇನೆ.

ಅಡಿಕೆ ಚೊಗರು
ನಮಗೆ ಸಿಕ್ಕಿದ್ದು ಉಣುಗು ಹತ್ತದ ಹಾಗೆ ಮೈಗೆ ಹಚ್ಚುವ ಡಿಎಂಪಿ ಎಣ್ಣೆ, ಒಂದು ಬಾಟಲಿ. ಅದೂ ಸೀಸನ್ ಮುಗಿಯೋ ಹೊತ್ತಿಗೆ.

ಲ್ಯಾಬ್‌ಕೋಟು
ಲಸಿಕೆ ಇರಲಿಲ್ಲ ಅಂತ ಹೇಳಬೇಡಿ ಸರ್, ಇತ್ತು. ಶುರುವಿನಲ್ಲಿ ರಷ್ಯಾದ ಕಡೆಯ ಇದೇ ಜಾತಿಯ ಇನ್ನೊಂದು ಮಿದುಳುಜ್ವರದ ಲಸಿಕೆಯನ್ನು ಇಲ್ಲಿ ಕೊಟ್ಟು ನೋಡಿದರು. ಎರಡೂ ವೈರಸ್ ಹತ್ತಿರದ ಸಂಬಂಧಿ, ಕೆಲಸ ಮಾಡಬಹುದು ಅಂತ. ಮಾಡಲಿಲ್ಲ. ಆಮೇಲೆ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು, ಅಂದರೆ ಈಗಿನ ರಾಷ್ಟ್ರೀಯ ವೈರಾಣು ಸಂಸ್ಥೆಯವರು (ಎನ್‌ಐವಿ), ಕೋಳಿ ಭ್ರೂಣದ ಜೀವಕೋಶಗಳಲ್ಲಿ ನಮ್ಮದೇ ವೈರಸ್ ಬೆಳೆಸಿ, ಅದನ್ನು ಫಾರ್ಮಲಿನ್ ಹಾಕಿ ಕೊಂದು ಲಸಿಕೆ ಮಾಡಿದರು. 1990ರಿಂದ ಬೆಂಗಳೂರಿನ ಹೆಬ್ಬಾಳದಲ್ಲೇ ತಯಾರಾಗುತ್ತಿತ್ತು. ತಿಂಗಳ ಅಂತರದಲ್ಲಿ ಎರಡು ಡೋಸ್, ಆರರಿಂದ ಒಂಬತ್ತು ತಿಂಗಳಿಗೆ ಬೂಸ್ಟರ್, ಆಮೇಲೆ ಐದು ವರ್ಷ ವರ್ಷಕ್ಕೊಂದು.

2005ರಿಂದ 2010ರವರೆಗಿನ ಲೆಕ್ಕ ತೆಗೆದು ನೋಡಿದಾಗ ಎರಡು ಡೋಸಿಗೆ ಸುಮಾರು 62 ಶೇಕಡಾ ರಕ್ಷಣೆ, ಬೂಸ್ಟರ್ ಸೇರಿದರೆ ಸುಮಾರು 83. ಆಮೇಲೆ ಶಿವಮೊಗ್ಗ ಜಿಲ್ಲೆಯಲ್ಲಿ ಕಾಯಿಲೆ ಜೋರಾದಾಗ ಮಾಡಿದ ಇನ್ನೊಂದು ಅಧ್ಯಯನದಲ್ಲಿ ಅಷ್ಟೂ ಉಪಯೋಗ ಕಾಣಲಿಲ್ಲ. 2022ರಲ್ಲಿ ಲಸಿಕೆ ಕೊಡುವುದನ್ನೇ ನಿಲ್ಲಿಸಿದರು.

ಹೊನ್ನಾವರದ ಮಾಣಿ
ಆ ಇಂಜೆಕ್ಷನ್ ತಗೊಂಡವರಿಗೆ ಗೊತ್ತು ಮಾರಾಯ್ರೇ. ತೋಳು ಎತ್ತಲಿಕ್ಕೆ ಆಗುತ್ತಿರಲಿಲ್ಲ. ನಮ್ಮ ಕೇರಿಯಲ್ಲಿ ಮೊದಲ ಡೋಸಿಗೆ ಜನ ಸಾಲು ನಿಂತರು. ಎರಡನೆಯದಕ್ಕೆ ನರ್ಸಮ್ಮ ಬರುವ ಸುದ್ದಿ ತಿಳಿದ ಕೂಡಲೇ ಅರ್ಧ ಊರು ತೋಟಕ್ಕೆ ಪರಾರಿ. ಬೂಸ್ಟರ್ ಅಂತೂ ಕೇಳಲೇಬೇಡಿ.

ಅಂಕಿಅಂಶ ಆನಂದ
ಹಾಗಾದರೆ ಆ 62, 83ಕ್ಕೆ ಏನು ಬೆಲೆ? ಬೂಸ್ಟರ್‌ವರೆಗೂ ಬಂದವರು ಮೊದಲೇ ಹುಷಾರಾಗಿರುವ ಜನ. ಎಣ್ಣೆ ಹಚ್ಚುವವರು, ಕಾಡಿಗೆ ಕಮ್ಮಿ ಹೋಗುವವರು ಅವರೇ ಇರಬಹುದು. ಅವರಿಗೆ ಕಾಯಿಲೆ ಬರಲಿಲ್ಲ ಅಂದರೆ ಅದು ಲಸಿಕೆಯಿಂದಲೋ, ಅವರ ಜಾಗ್ರತೆಯಿಂದಲೋ? ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಅಂತಾರಲ್ಲ, ಅದನ್ನು ಬೇರೆ ಮಾಡೋಕೆ ಸರಿಯಾದ ಟ್ರಯಲ್ ಬೇಕು.

ಲ್ಯಾಬ್‌ಕೋಟು
@ಅಂಕಿಅಂಶ ಆನಂದ ಒಪ್ಪುತ್ತೇನೆ. ಆದರೆ ಜನ ಸಾಯುತ್ತಿರುವ ಊರಲ್ಲಿ ಅರ್ಧ ಜನರಿಗೆ ಲಸಿಕೆ, ಅರ್ಧ ಜನರಿಗೆ ಬರೀ ನೀರು ಕೊಡುತ್ತೇನೆ ಅಂತ ಹೋಗಿ ನೋಡಿ, ಗೊತ್ತಾಗುತ್ತದೆ.

ಹಕ್ಕಿ ಹಿಂದೆ
ಇದರ ಕಥೆ ಶುರುವಾಗೋದೇ ಹಕ್ಕಿಯಿಂದ, ಯಾರೂ ಹೇಳಲೇ ಇಲ್ಲ! 1957ರಲ್ಲಿ ಮಂಗಗಳು ಸಾಲಾಗಿ ಸಾಯುವುದು ನೋಡಿ ಮೊದಲು ಹೆದರಿದ್ದು ಹಳದಿ ಜ್ವರ ಭಾರತಕ್ಕೆ ಬಂತು ಅಂತ. ಅದಲ್ಲ ಅಂತ ಗೊತ್ತಾಯಿತು. ರಷ್ಯಾದ ವೈರಸ್ಸಿನ ನೆಂಟ ಅಂತ ತಿಳಿದಾಗ ಹೊಸ ಪ್ರಶ್ನೆ: ಸೈಬೀರಿಯಾದಿಂದ ಸೊರಬಕ್ಕೆ ಹೇಗೆ ಬಂತು? ವಲಸೆ ಹಕ್ಕಿಗಳ ಮೈಮೇಲಿನ ಉಣುಗಿನಿಂದ ಇರಬಹುದು ಅಂತ ಅನುಮಾನ. ಪಕ್ಷಿತಜ್ಞ ಸಲೀಂ ಅಲಿಯವರ ಬಿಎನ್‌ಎಚ್‌ಎಸ್ (ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ), ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಹಕ್ಕಿಗಳ ಕಾಲಿಗೆ ಉಂಗುರ ಹಾಕುವ ದೊಡ್ಡ ಕೆಲಸ ಶುರು ಮಾಡಿದ್ದಕ್ಕೆ ಇದೂ ಒಂದು ಕಾರಣ. ಜ್ವರದ ಬೆನ್ನು ಹತ್ತಿ ಹೋಗಿ, ನಮ್ಮ ದೇಶಕ್ಕೆ ಯಾವ ಹಕ್ಕಿ ಎಲ್ಲಿಂದ ಬರುತ್ತದೆ ಅನ್ನುವ ತಿಳಿವಳಿಕೆ ಸಿಕ್ಕಿತು. ನನಗಂತೂ ಇದು ಬಹಳ ಇಷ್ಟದ ಕಥೆ.

ಅಡಿಕೆ ಚೊಗರು
ಕಾಯಿಲೆ ನಮಗೆ, ಉಂಗುರ ಹಕ್ಕಿಗೆ. ಚೆನ್ನಾಗಿದೆ.

ಪುಣೆ ಕನ್ನಡಿಗ
@ಹಕ್ಕಿ ಹಿಂದೆ ಅರ್ಧ ಕಥೆ ಬಿಟ್ಟಿರಿ. ಆಮೇಲೆ ಅದೇ ಹಕ್ಕಿ ಯೋಜನೆಗೆ ಅಮೆರಿಕದ ಸೇನೆಯ ದುಡ್ಡು ಬಂತು. 1970ರ ದಶಕದಲ್ಲಿ ಅದು ಜೈವಿಕ ಅಸ್ತ್ರದ ಸಂಶೋಧನೆ ಅಂತ ದೊಡ್ಡ ಗಲಾಟೆಯಾಗಿ ಸಂಸತ್ತಿನವರೆಗೂ ಹೋಯಿತು. ದುಡ್ಡು ಯಾರದ್ದು ಅಂತ ಕೇಳುವ ಚಟ ನಮಗೆ ಅವತ್ತಿನಿಂದಲೇ ಇದೆ, ಇರಲೂಬೇಕು.

ಹಕ್ಕಿ ಹಿಂದೆ
ಇರಲಿ ಸರ್, ಆದರೆ ಉಂಗುರದಿಂದ ಬಂದ ಮಾಹಿತಿ ಸುಳ್ಳಾಗುವುದಿಲ್ಲವಲ್ಲ. ಹಕ್ಕಿಗೆ ಸೇನೆ ಯಾವುದು ಅಂತ ಗೊತ್ತಿಲ್ಲ.

ಬಿಳಿಬಟ್ಟೆ
ನಾನು ಉಣುಗು ಹಿಡಿಯುವ ಕೆಲಸ ಮಾಡುತ್ತಿದ್ದವನು, ಫೀಲ್ಡ್ ಅಸಿಸ್ಟೆಂಟ್. ಇಷ್ಟು ಸಂಶೋಧನೆಗಳಲ್ಲಿ ಇದು ಯಾರಿಗೂ ಕಾಣದ ಭಾಗ, ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ಒಂದು ಕೋಲಿಗೆ ಬಿಳಿ ಫ್ಲಾನೆಲ್ ಬಟ್ಟೆ ಕಟ್ಟಿಕೊಂಡು ದರಕಿನ, ಅಂದರೆ ಉದುರಿ ಒಣಗಿದ ಎಲೆಗಳ ಮೇಲೆ ನಿಧಾನವಾಗಿ ಎಳೆಯುತ್ತಾ ಹೋಗಬೇಕು. ಸ್ವಲ್ಪ ದೂರಕ್ಕೊಮ್ಮೆ ನಿಂತು ಬಟ್ಟೆ ಮಗುಚಿ ನೋಡಬೇಕು. ಮರಿ ಉಣುಗು ಸಾಸಿವೆ ಕಾಳಿಗಿಂತ ಚಿಕ್ಕದು. ಬಿಳಿ ಬಟ್ಟೆ ಮೇಲೆ ನಡೆಯುತ್ತಿದ್ದರೆ ಮಾತ್ರ ಕಣ್ಣಿಗೆ ಬೀಳುತ್ತದೆ. ಚಿಮಟದಿಂದ ಎತ್ತಿ ಸೀಸೆಗೆ ಹಾಕಿ, ಜಾಗ, ತಾರೀಕು ಬರೆಯಬೇಕು. ಆಮೇಲೆ ಜಾತಿ ಬೇರೆ ಮಾಡುತ್ತಾರೆ. ಮುಖ್ಯ ಅಪರಾಧಿ ಹೀಮಾಫೈಸಾಲಿಸ್ ಸ್ಪಿನಿಜೆರಾ ಅನ್ನುವ ಜಾತಿ. ಒಂದೇ ಜಾಗದವನ್ನು ಗುಂಪು ಮಾಡಿ ಅರೆದು ವೈರಸ್ ಇದೆಯಾ ನೋಡುತ್ತಾರೆ.

ಇದರಿಂದ ಗೊತ್ತಾದದ್ದು ಏನು ಅಂದರೆ, ಉಣುಗಿನ ಮೂರು ವಯಸ್ಸಿಗೆ ಮೂರು ಬೇರೆ ಬೇರೆ ಊಟ. ಮೊಟ್ಟೆಯಿಂದ ಬಂದ ತೀರಾ ಎಳೆಯವು ಇಲಿ, ಹೆಗ್ಗಣ, ಹಕ್ಕಿ, ಮಂಗ ಇಂಥವನ್ನು ಹಿಡಿಯುತ್ತವೆ. ಎರಡನೇ ಹಂತದ ಮರಿಗಳು ಮಂಗನಿಗೂ ಹತ್ತುತ್ತವೆ, ಮನುಷ್ಯನಿಗೂ ಹತ್ತುತ್ತವೆ. ದೊಡ್ಡವು ದನ, ಜಿಂಕೆ, ಕಾಟಿ ಹುಡುಕುತ್ತವೆ. ಒಂದು ಹಂತದಲ್ಲಿ ಹೊಕ್ಕ ವೈರಸ್ ಪೊರೆ ಕಳಚಿದ ಮೇಲೂ ಒಳಗೇ ಇರುತ್ತದೆ. ಮಂಗ ಸತ್ತು ಮೈ ತಣ್ಣಗಾದರೆ ಅದರ ಮೈಮೇಲಿನ ಉಣುಗು ಇಳಿದು ಅಲ್ಲೇ ಸುತ್ತ ಹರಡುತ್ತದೆ. ಸತ್ತ ಮಂಗನ ಸುತ್ತ ಮೆಲಥಿಯಾನ್ ಅನ್ನುವ ಕೀಟನಾಶಕದ ಪುಡಿ ಹಾಕುವುದು ಅದಕ್ಕೆ. ಸುಮ್ನೆ ಶಾಸ್ತ್ರಕ್ಕಲ್ಲ. ಮಂಗನೂ ಪಾಪ, ನಮ್ಮ ಹಾಗೇ ಕಚ್ಚಿಸಿಕೊಂಡು ಸಾಯುತ್ತದೆ. ಕಪ್ಪು ಮುಖದ ಮುಸಿಯ ಅಂತೂ ಇನ್ನೂ ಬೇಗ.

ಹಾಗೇ ಮನುಷ್ಯನಿಂದ ಮನುಷ್ಯನಿಗೆ ಇದು ಹರಡುವುದಿಲ್ಲ. ಕಾಯಿಲೆ ಬಂದವರ ಮನೆಗೆ ಹೋಗುವುದನ್ನು ಬಿಡುವವರು ಇನ್ನೂ ಇದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ.

ಹಸಿರೇ ಉಸಿರು
ಇಷ್ಟೆಲ್ಲ ಯಾಕೆ? ಕಾಡು ಕಡಿದರು, ಕಾಯಿಲೆ ಬಂತು. ಕಾಡು ಉಳಿಸಿದರೆ ಕಾಯಿಲೆ ಹೋಗುತ್ತದೆ. ಮುಗೀತು.

ನಕ್ಷೆಗಾರ
@ಹಸಿರೇ ಉಸಿರು ಇಷ್ಟು ಸುಲಭ ಇದ್ದಿದ್ದರೆ ನಾನು ಇಷ್ಟು ವರ್ಷ ಕಂಪ್ಯೂಟರಿನಲ್ಲಿ ನಕ್ಷೆ ಮಾಡುವ ಜಿಐಎಸ್ ಮುಂದೆ ಕೂರಬೇಕಿರಲಿಲ್ಲ. ಕಾಡು ಕಡಿದು ದನ ಮೇಯಿಸಲು ಶುರು ಮಾಡಿದ್ದರಿಂದ ಉಣುಗು ಹೆಚ್ಚಿತು ಅನ್ನುವ ವಾದವನ್ನು ಹಾರ್ಹೆ ಬೋಷೆಲ್ ಅನ್ನುವವರು 1960ರ ದಶಕದಲ್ಲೇ ಮುಂದಿಟ್ಟರು. 1980ರ ದಶಕದ ಮೊದಲ ಭಾಗದಲ್ಲಿ ಬೆಳ್ತಂಗಡಿ ತಾಲ್ಲೂಕಿನಲ್ಲಿ ಗೇರು ತೋಟಕ್ಕೆ ಕಾಡು ಬೋಳಿಸಿದ ಮೇಲೆ ಸಾವಿರಕ್ಕೂ ಹೆಚ್ಚು ಜನಕ್ಕೆ ಕಾಯಿಲೆ ಬಂದಾಗ ಆ ವಾದಕ್ಕೆ ಬಲ ಬಂತು. ಅಲ್ಲಿಗೆ ನಿಮ್ಮ ಮಾತು ಸರಿ.

ಆದರೆ 2020ರಲ್ಲಿ ಬಂದ ಒಂದು ಕೆಲಸ ನೋಡಿ. ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆ ಏಟ್ರೀ, ಪಶುರೋಗಗಳ ಸಂಸ್ಥೆ ನಿವೇದಿ, ಬ್ರಿಟನ್ನಿನ ಪರಿಸರ ಸಂಶೋಧನಾ ಕೇಂದ್ರ, ನಮ್ಮ ಆರೋಗ್ಯ ಇಲಾಖೆ ಎಲ್ಲ ಸೇರಿ ಮಾಡಿದ್ದು. ಅಪಾಯ ಜಾಸ್ತಿ ಕಂಡದ್ದು ಪೂರ್ತಿ ಬೋಳಾದ ಕಡೆಯಲ್ಲ. ತೇವದ ನಿತ್ಯಹರಿದ್ವರ್ಣ ಕಾಡು, ತೋಟ, ಪ್ಲಾಂಟೇಶನ್ ಒಂದಕ್ಕೊಂದು ಹೆಣೆದುಕೊಂಡ ಕಡೆ. ಜೊತೆಗೆ ನಾಟಿ ದನಗಳ ಸಂಖ್ಯೆ ಹೆಚ್ಚಿರುವ ಕಡೆ. ಅಂದರೆ ಕಾಡಿನ ಅಂಚು.

ಸೊಪ್ಪಿನಬೆಟ್ಟ
ಅಂದರೆ ನಮ್ಮ ಮನೆ! ನಮ್ಮ ಸೊಪ್ಪಿನ ಬೆಟ್ಟ, ನಮ್ಮ ಮಲೆನಾಡು ಗಿಡ್ಡ ದನ, ನಮ್ಮ ತೋಟ. ತಪ್ಪು ನಮ್ಮದೇ ಅಂತ ಹೇಳೋಕೆ ಬ್ರಿಟನ್ನಿನಿಂದ ಬರಬೇಕಿತ್ತಾ?

ನಕ್ಷೆಗಾರ
ಅಯ್ಯೋ, ತಪ್ಪು ಅಂತ ಯಾರಂದರು ಅಣ್ಣ? ಎಲ್ಲಿ ಮೊದಲು ಎಣ್ಣೆ ಕೊಡಬೇಕು, ಎಲ್ಲಿ ಮೊದಲು ಜ್ವರದವರ ರಕ್ತ ಪರೀಕ್ಷೆ ಮಾಡಬೇಕು ಅಂತ ಗೊತ್ತಾಗಲಿ ಅಂತ ನಕ್ಷೆ. ಇಡೀ ಜಿಲ್ಲೆಗೆ ಸಮ ಹಂಚಿದರೆ ಯಾರಿಗೂ ಸಾಲುವುದಿಲ್ಲ. ಲಸಿಕೆ ಇರಲಿ, ಇಲ್ಲದಿರಲಿ, 'ಎಲ್ಲಿ' ಅನ್ನುವ ಪ್ರಶ್ನೆಗೆ ಉತ್ತರ ಬೇಕೇ ಬೇಕು. ಅದಕ್ಕೇ ಈ ವಿಷಯದಲ್ಲಿ ನಿಮ್ಮ ಮೊದಲ ಪೋಸ್ಟ್ ನಾನು ಒಪ್ಪುವುದಿಲ್ಲ.

ಮುಂಗಾರು ಮೋಡ
ಹವಾಮಾನದವರ ಕಡೆಯಿಂದ ಒಂದು ಮಾತು. 'ಎಲ್ಲಿ' ಆಯಿತು, 'ಯಾವಾಗ' ಯಾರೂ ಕೇಳಲಿಲ್ಲ. ಕಾಯಿಲೆ ಡಿಸೆಂಬರ್‌ನಿಂದ ಮೇವರೆಗೆ, ಜೋರಾಗುವುದು ಜನವರಿಯಿಂದ ಮಾರ್ಚ್. ಯಾಕೆಂದರೆ ಮಳೆ ನಿಂತ ಮೇಲೆ ಎರಡನೇ ಹಂತದ ಮರಿ ಉಣುಗು ದರಕಿನಲ್ಲಿ ಓಡಾಡಲು ಶುರು. ಅದೇ ಹೊತ್ತಿಗೆ ಜನರೂ ದರಕು, ಸೌದೆಗೆ ಕಾಡಿಗೆ ಹೋಗುತ್ತಾರೆ. ಮುಂಗಾರು ಬಂದರೆ ಎರಡೂ ನಿಲ್ಲುತ್ತವೆ. ಈಗ ಮಳೆ ನವೆಂಬರ್‌ವರೆಗೂ ಎಳೆಯುವ ವರ್ಷ, ಜನವರಿಯಲ್ಲಿ ಹೊತ್ತಲ್ಲದ ಹೊತ್ತಲ್ಲಿ ಸುರಿಯುವ ವರ್ಷ ಏನಾಗುತ್ತದೆ ಅನ್ನುವುದು ನಮ್ಮ ತಲೆನೋವು. ಮಳೆಯ ಲೆಕ್ಕ ನಮ್ಮ ಹತ್ತಿರ ಇದೆ, ಉಣುಗಿನ ಲೆಕ್ಕ ಬಿಳಿಬಟ್ಟೆಯವರ ಹತ್ತಿರ, ರೋಗಿಗಳ ಲೆಕ್ಕ ಆರೋಗ್ಯ ಇಲಾಖೆಯಲ್ಲಿ. ಮೂರನ್ನೂ ಒಂದೇ ಟೇಬಲ್ಲಿಗೆ ತರುವುದಕ್ಕೇ ಒಂದು ಪಿಎಚ್‌ಡಿ ಕಳೆದುಹೋಗುತ್ತದೆ.

ಬಿಳಿಬಟ್ಟೆ
ಮುಂಗಾರಲ್ಲೂ ಬಟ್ಟೆ ಎಳೆಸಿದ್ದಾರೆ ಸಾರ್ ನಮ್ಮ ಹತ್ತಿರ. ಉಣುಗು ಸಿಗಲಿಲ್ಲ, ಜಿಗಣೆ ಸಿಕ್ಕವು.

ತೀರ್ಥಹಳ್ಳಿ ಎಕ್ಸ್‌ಪ್ರೆಸ್
ಮಂಗಕ್ಕೆ ಪಾಪ ಅಂದವರಿಗೆ ಒಂದು ಪ್ರಶ್ನೆ. ನಮ್ಮ ತೋಟದ ಎಳೆ ಅಡಿಕೆ, ಬಾಳೆ, ಏಲಕ್ಕಿ ಯಾವುದನ್ನೂ ಬಿಡುತ್ತಿಲ್ಲ. ಇದರ ಬಗ್ಗೆ ಯಾವ ಯೂನಿವರ್ಸಿಟಿ ಸಂಶೋಧನೆ ಮಾಡುತ್ತದೆ? ಮಂಗಗಳಿಗೆ ಪಾರ್ಕ್ ಮಾಡುತ್ತೇವೆ ಅಂದಿದ್ದರು, ಏನಾಯ್ತು?

ಅಡಿಕೆ ಚೊಗರು
ನಮ್ಮ ತೋಟವೇ ಪಾರ್ಕ್. ಪ್ರವೇಶ ಉಚಿತ.

ಹೊನ್ನಾವರದ ಮಾಣಿ
ನಗುವ ವಿಷಯ ಅಲ್ಲ. ಒಂದೂರಲ್ಲಿ ಮಂಗ ಹಿಡಿದು ರಾತ್ರೋರಾತ್ರಿ ಇನ್ನೊಂದೂರಿನ ಕಾಡಿಗೆ ಬಿಟ್ಟು ಬರುತ್ತಾರೆ. ಅದರ ಮೈಮೇಲೆ ಉಣುಗೂ ಹೋಗುತ್ತದೆ. ಬಂಡೀಪುರದ ಕಡೆ 2012ರಲ್ಲಿ, ಗೋವಾದಲ್ಲಿ 2015ರಲ್ಲಿ, ಅದರ ಮರುವರ್ಷ ಸಿಂಧುದುರ್ಗದಲ್ಲಿ ಕಾಯಿಲೆ ಕಂಡಿತು. ಯಾರು ಹೊತ್ತೊಯ್ದರು ಹೇಳಿ?

ಅಂಕಿಅಂಶ ಆನಂದ
ಮಂಗ ಸಾಗಿಸಿದ್ದರಿಂದಲೇ ಅಲ್ಲಿ ಬಂತು ಅನ್ನುವುದಕ್ಕೆ ಆಧಾರ ಎಲ್ಲಿದೆ? ಮೊದಲಿನಿಂದಲೂ ಅಲ್ಲಿ ಇದ್ದು, ಪರೀಕ್ಷೆ ಸುಧಾರಿಸಿದ ಮೇಲೆ ಕಣ್ಣಿಗೆ ಬಿದ್ದಿರಲೂಬಹುದು. ಹುಡುಕಿದ ಕಡೆ ಸಿಗುತ್ತದೆ, ಹುಡುಕದ ಕಡೆ ಇಲ್ಲ ಅಂದುಕೊಳ್ಳುತ್ತೇವೆ.

ಜೆಡ್ಡಾ ಭಟ್ಟ
ಸೌದಿಯಿಂದ ಬರೆಯುತ್ತಿದ್ದೇನೆ. ಇಲ್ಲಿ ಅಲ್‌ಖುರ್ಮಾ ಅಂತ ಒಂದು ಜ್ವರ ಇದೆ, 1990ರ ದಶಕದಲ್ಲಿ ಪತ್ತೆಯಾದದ್ದು. ಅದರ ವೈರಸ್ ನಮ್ಮ ಕ್ಯಾಸನೂರು ವೈರಸ್ಸಿನ ಅಣ್ಣತಮ್ಮ ಅಂತ ಜೀನ್ ನೋಡಿ ಹೇಳಿದ್ದಾರೆ. ಇಲ್ಲಿ ಮಲೆನಾಡಿನ ಕಾಡೂ ಇಲ್ಲ, ಮುಸಿಯನೂ ಇಲ್ಲ. ಕುರಿ, ಒಂಟೆ, ಕಸಾಯಿ ಕೆಲಸದವರು. ಇಷ್ಟು ದೂರ ಹೇಗೆ ಬಂತು ಅಂತ ಯೋಚನೆ ಮಾಡಿದರೆ ತಲೆ ಗಿರ್ ಅನ್ನುತ್ತದೆ. ಜೀನ್ ಓದುವವರ ಕೆಲಸ ದಂಡ ಅನ್ನಬೇಡಿ ಅಂತ ಹೇಳೋಕೆ ಬರೆದೆ.

ಹಕ್ಕಿ ಹಿಂದೆ
ಹಕ್ಕಿ ಹೊತ್ತು ತಂದಿರಬಹುದು ಅಂತ ನಾನು ಹೇಳಿದರೆ ಮತ್ತೆ ಬೈತೀರಾ?

ಆಶಾ ಅಕ್ಕ
ನಾನು ಆಶಾ ಕಾರ್ಯಕರ್ತೆ. ದೊಡ್ಡ ದೊಡ್ಡ ಮಾತಾಯಿತು, ಊರಿನ ಮಾತು ಕೇಳಿ. ಯಾವ ಸಂಶೋಧನೆ ನಮಗೆ ಉಪಯೋಗ ಆಯಿತು ಅಂತ ಕೇಳಿದರೆ ನಾನು ಮೊದಲು ಹೇಳುವುದು ಪರೀಕ್ಷೆ. ಮೊದಲೆಲ್ಲ ರಕ್ತ ಕಳಿಸಿದರೆ ರಿಪೋರ್ಟ್ ಬರುವಷ್ಟರಲ್ಲಿ ಜ್ವರದವರು ಒಂದೋ ಎದ್ದು ಓಡಾಡುತ್ತಿದ್ದರು, ಒಂದೋ ಇರುತ್ತಿರಲಿಲ್ಲ. ಪುಣೆಯವರು ರಕ್ತದಲ್ಲಿ ವೈರಸ್ಸಿನ ಜೀನನ್ನೇ ಹುಡುಕುವ ಪಿಸಿಆರ್ ಪರೀಕ್ಷೆ ಮಾಡಿಕೊಟ್ಟ ಮೇಲೆ ಶಿವಮೊಗ್ಗದಲ್ಲೇ ಪರೀಕ್ಷೆ ಆಗುತ್ತದೆ. ಜ್ವರ ಬಂದ ಮೊದಲ ದಿನಗಳಲ್ಲೇ ಗೊತ್ತಾಗುತ್ತದೆ. ಇದಕ್ಕೇ ಅಂತ ಔಷಧಿ ಇಲ್ಲ ನಿಜ. ಆದರೆ ಬೇಗ ಗೊತ್ತಾದರೆ ಆಸ್ಪತ್ರೆಗೆ ಸೇರಿಸಿ, ಡ್ರಿಪ್ ಹಾಕಿ, ರಕ್ತಸ್ರಾವ ನೋಡಿಕೊಳ್ಳಬಹುದು.

ಇನ್ನೊಂದು ವಿಷಯ. ಜ್ವರ ಬಿಟ್ಟು ಆರಾಮಾದ ಮೇಲೆ ಒಂದೆರಡು ವಾರಕ್ಕೆ ಕೆಲವರಿಗೆ ಮತ್ತೆ ಬರುತ್ತದೆ. ಆವಾಗ ತಲೆನೋವು, ಕೈಕಾಲು ನಡುಕ, ಮಂಕು ಬಡಿದ ಹಾಗೆ. ಆರಾಮಾಯಿತು ಅಂತ ಅಡಿಕೆ ಕೊನೆಕೊಯ್ಲಿಗೆ ಹೊರಟವರನ್ನು ಹಿಡಿದು ಕೂರಿಸುವುದೇ ನಮ್ಮ ಕೆಲಸ. 2019ರ ಹೊತ್ತಿಗೆ ಸಾಗರ ತಾಲ್ಲೂಕಿನ ಅರಳಗೋಡು ಕಡೆ ಸಾವು ನೋಡಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಮೊದಲ ಪೋಸ್ಟಿನಲ್ಲಿ 'ಮಾತಾಡಿಸಿದ್ದಾರೆ, ಅಷ್ಟೇ' ಅಂದಿದ್ದೀರಲ್ಲ, ಅದು ಚಿಕ್ಕ ಕೆಲಸ ಅಲ್ಲ ಅಣ್ಣ. ಎಣ್ಣೆ ಯಾಕೆ ಹಚ್ಚುವುದಿಲ್ಲ ಅಂತ ಯಾರಾದರೂ ಕೂತು ಕೇಳಿದರೆ ತಾನೇ ಗೊತ್ತಾಗೋದು? ಬೆವರಿಗೆ ಇಳಿಯುತ್ತದೆ, ಜಿಡ್ಡು, ವಾಸನೆ, ಮತ್ತೆ ಮತ್ತೆ ಹಚ್ಚಬೇಕು. ಬಾಟಲಿ ಕೊಟ್ಟೆವು ಅಂತ ರಿಜಿಸ್ಟರ್‌ನಲ್ಲಿ ಬರೆಯುತ್ತೇವೆ. ಹಚ್ಚಿದರಾ ಅನ್ನುವ ಕಾಲಮ್ಮೇ ಇಲ್ಲ.

ಪಿಎಚ್‌ಡಿ ಪರದೇಶಿ
ಆಶಾ ಅಕ್ಕನಿಗೆ ನಮಸ್ಕಾರ. ನಿಮ್ಮ ಕೊನೆಯ ಸಾಲಿನ ಮೇಲೇ ಒಂದು ಥೀಸಿಸ್ ಆಗುತ್ತದೆ.

ಪುಣೆ ಕನ್ನಡಿಗ
ಥೀಸಿಸ್ ಆಗುತ್ತದೆ, ಕಾಲಮ್ ಆಗುವುದಿಲ್ಲ. ಅದೇ ಸಮಸ್ಯೆ. ಪೇಪರ್ ಬರೆಯುವುದು ಬಡ್ತಿಗೆ, ಜರ್ನಲ್ಲಿಗೆ. ಅದರಲ್ಲಿ ಗೊತ್ತಾದದ್ದು ಪಿಎಚ್‌ಸಿಯ ರಿಜಿಸ್ಟರ್‌ವರೆಗೆ ಇಳಿಸುವುದು ಯಾರ ಕೆಲಸವೂ ಅಲ್ಲ. ಆರೋಗ್ಯ, ಅರಣ್ಯ, ಪಶುಸಂಗೋಪನೆ, ಎತ್ತು ಏರಿಗೆ ಕೋಣ ನೀರಿಗೆ. ಬಗೆಬಗೆಯ ಸಂಶೋಧನೆ ತಪ್ಪಲ್ಲ ಸೊಪ್ಪಿನಬೆಟ್ಟ ಅವರೇ, ನಡುವೆ ಸೇತುವೆ ಕಟ್ಟುವವರಿಗೆ ಸಂಬಳ ಇಲ್ಲ.

ಪಿಎಚ್‌ಡಿ ಪರದೇಶಿ
ಸಂಶೋಧನೆ ಮಾಡುವವರಿಗೂ ಸರಿಯಾಗಿ ಇಲ್ಲ ಸರ್. ಫೆಲೋಶಿಪ್ ದುಡ್ಡು ಬರುವುದರೊಳಗೆ ಉಣುಗಿನ ಮೂರೂ ಹಂತ ಮುಗಿದಿರುತ್ತದೆ.

ಸೊಪ್ಪಿನಬೆಟ್ಟ
ಎಲ್ಲ ಓದಿದೆ. ಎಲ್ಲಿ, ಯಾವಾಗ, ಯಾರಿಗೆ ಅಂತ ಬೇರೆ ಬೇರೆ ಪ್ರಶ್ನೆ, ಅದಕ್ಕೆ ಬೇರೆ ಬೇರೆ ಜನ ಬೇಕು, ಸರಿ. ಆದರೆ ಲಸಿಕೆ ಪ್ರಶ್ನೆ ಅಲ್ಲೇ ಇದೆ. ಕೋವಿಡ್‌ಗೆ ಒಂದೇ ವರ್ಷದಲ್ಲಿ ಮಾಡಿದರು. ನಮಗೆ ಯಾಕೆ ಇಷ್ಟು ಕಾಲ?

ಲ್ಯಾಬ್‌ಕೋಟು
ಕೋವಿಡ್ ಲಸಿಕೆ ಕೊಳ್ಳಲು ಇಡೀ ಜಗತ್ತು ನಿಂತಿತ್ತು. ಮಂಗನ ಕಾಯಿಲೆ ವರ್ಷಕ್ಕೆ ಕೆಲವು ನೂರು ಜನಕ್ಕೆ, ಅದೂ ಪಶ್ಚಿಮ ಘಟ್ಟದ ಅಂಚಿನವರಿಗೆ. ನೂರರಲ್ಲಿ ಮೂರರಿಂದ ಐದು ಸಾವು. ನಮಗೆ ಅದು ದೊಡ್ಡದು, ಕಂಪನಿಯ ಲೆಕ್ಕದಲ್ಲಿ ಮಾರುಕಟ್ಟೆಯೇ ಅಲ್ಲ. ಎರಡನೆಯದಾಗಿ ಈ ವೈರಸ್ ಬಹಳ ಅಪಾಯದ್ದು, ಹಿಂದೆ ಲ್ಯಾಬ್‌ನಲ್ಲಿ ಕೆಲಸ ಮಾಡುವವರಿಗೇ ತಗುಲಿದ್ದಿದೆ. ಅತಿ ಹೆಚ್ಚು ಭದ್ರತೆಯ ಲ್ಯಾಬ್ ಬೇಕು, ಪುಣೆಯಲ್ಲಿರುವಂಥದ್ದು. ಅಂಥವು ದೇಶದಲ್ಲಿ ಬೆರಳೆಣಿಕೆ. ಮೂರನೆಯದು ಟ್ರಯಲ್. ಈ ವರ್ಷ ಸಿದ್ದಾಪುರದಲ್ಲಿ, ಮುಂದಿನ ವರ್ಷ ಎಲ್ಲಿ ಅಂತ ಮೊದಲೇ ಗೊತ್ತಿದ್ದರೆ ತಾನೇ ಲಸಿಕೆ ಕೆಲಸ ಮಾಡಿತಾ ಅಂತ ನೋಡುವುದು? ಅಲ್ಲಿಗೆ ಮತ್ತೆ ನಕ್ಷೆಗಾರರ ಮನೆ ಬಾಗಿಲಿಗೇ ಹೋಗಬೇಕು.

ಈಗ ಕೇಂದ್ರದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಮತ್ತು ಹೈದರಾಬಾದಿನ ಲಸಿಕೆ ಕಂಪನಿ ಇಂಡಿಯನ್ ಇಮ್ಯುನೊಲಾಜಿಕಲ್ಸ್ ಸೇರಿ ಹೊಸ ಲಸಿಕೆ ಮಾಡುತ್ತಿದ್ದಾರೆ. ಬರುತ್ತದೆ ಅನ್ನುವ ನಂಬಿಕೆ ನನಗಿದೆ. ತಾರೀಕು ಕೇಳಬೇಡಿ.

ಅಂಕಿಅಂಶ ಆನಂದ
ಈ ಸಲ ಟ್ರಯಲ್ ಸರಿಯಾಗಿ ಮಾಡಲಿ, ಅಷ್ಟೇ ನನ್ನ ಬೇಡಿಕೆ.

ಹೊನ್ನಾವರದ ಮಾಣಿ
ತೋಳು ನೋಯದ ಹಾಗೆ ಮಾಡಲಿ, ಇದು ನನ್ನದು.

ತೀರ್ಥಹಳ್ಳಿ ಎಕ್ಸ್‌ಪ್ರೆಸ್
ಡಿಎಂಪಿ ಬಿಟ್ಟು ಡೆಪಾ ಅಂತ ಹೊಸ ಎಣ್ಣೆ ಕೊಡುತ್ತಿದ್ದಾರಲ್ಲ, ಅದು ಪರವಾಗಿಲ್ಲವಾ?

ಬಿಳಿಬಟ್ಟೆ
ಗ್ವಾಲಿಯರ್‌ನ ರಕ್ಷಣಾ ಸಂಶೋಧನಾ ಲ್ಯಾಬ್‌ನವರು ಮಾಡಿದ್ದು. ನಾವು ಹಚ್ಚಿಕೊಂಡೇ ಹೋಗುತ್ತಿದ್ದೆವು. ಕೈಕಾಲಿಗೆ, ಕುತ್ತಿಗೆಗೆ, ಪ್ಯಾಂಟಿನ ತುದಿಗೂ ಹಚ್ಚಿ. ಪ್ಯಾಂಟ್ ಸಾಕ್ಸ್ ಒಳಗೆ ತುರುಕಿ. ಮನೆಗೆ ಬಂದ ಕೂಡಲೇ ಬಿಸಿನೀರು ಸ್ನಾನ, ಬಟ್ಟೆ ಬಿಸಿನೀರಿಗೆ. ಮಂಡಿ ಹಿಂದೆ, ಸೊಂಟದ ಪಟ್ಟಿ ಹತ್ತಿರ ಕೈಯಾಡಿಸಿ ನೋಡಿ. ತೋಟದ ದಣಪೆ ದಾಟಿದರೂ ಕಾಡು ಅಂತಲೇ ತಿಳಿಯಿರಿ.

ಮುಂಗಾರು ಮೋಡ
ಸತ್ತ ಮಂಗ ಕಂಡರೆ ಯಾರಿಗೆ ಹೇಳಬೇಕು? ಅರಣ್ಯದವರಿಗಾ, ಆರೋಗ್ಯದವರಿಗಾ?

ಆಶಾ ಅಕ್ಕ
ಯಾರ ಫೋನ್ ಮೊದಲು ಸಿಗುತ್ತದೋ ಅವರಿಗೆ. ಪಿಎಚ್‌ಸಿಗೆ ಹೇಳಿದರೆ ಅಲ್ಲಿಂದ ಅರಣ್ಯದವರಿಗೂ ವೆಟರ್ನರಿ ಡಾಕ್ಟರಿಗೂ ಹೋಗುತ್ತದೆ. ನೀವು ಹತ್ತಿರ ಹೋಗಬೇಡಿ, ನಾಯಿಯನ್ನೂ ಬಿಡಬೇಡಿ, ಹೂಳುವ ಸಾಹಸಕ್ಕಂತೂ ಇಳಿಯಲೇಬೇಡಿ. ದಾರಿ ಗುರುತಿಗೆ ದೂರದಿಂದ ಒಂದು ಫೋಟೊ ತೆಗೆದು ಕಳಿಸಿ. ಸೊಪ್ಪಿನಬೆಟ್ಟ ಅಣ್ಣ, ನಿಮ್ಮ ಮಗಳು ಊರಲ್ಲೇ ಇದ್ದರೆ ನಮ್ಮ ಸಬ್‌ಸೆಂಟರ್ ಕಡೆ ಬರಲಿ. ರಿಜಿಸ್ಟರ್ ತೋರಿಸುತ್ತೇನೆ.